ಮಾತಾಡುವ ಗುಂಡು

ಗಿಲಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಿಲಕ್. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಮಾತ್ರ ಕೇಳುವಂಥ ಸಣ್ಣ ಸದ್ದು, ಒಣಗಿದ ಹುಣಸೆಕಾಯಿಯೊಳಗೆ ಬೀಜ ಆಡಿದ ಹಾಗೆ. ಅಂಧೇರಿಯ ನಮ್ಮ ಫ್ಲ್ಯಾಟಿನಲ್ಲಿ ಡೈನಿಂಗ್ ಟೇಬಲ್ಲಿಗೆ ಹಳೇ ಬೆಡ್‌ಶೀಟ್ ಹಾಸಿ ನನ್ನ ಗಂಡ ಕೂತಿರುತ್ತಿದ್ದರು. ಬಂದೂಕಿನ ಒಂದೊಂದೇ ಕಾರ್ಟ್ರಿಜ್ ಎತ್ತಿ ಬಲಗಿವಿಯ ಪಕ್ಕ ಅಲುಗಿಸುವುದು, ತಲೆಯಾಡಿಸುವುದು, ಪಕ್ಕಕ್ಕಿಡುವುದು.

ಸಿನಿಮಾ ಶೂಟಿಂಗಿಗೆ ಬಂದೂಕು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಅವರು ಆಯುಷ್ಯವನ್ನೆಲ್ಲ ಕಳೆದವರು. ರಿಟೈರ್ ಆದ ಮೇಲೂ ಹಳೇ ಕಾಲದ ಕಥೆ ಬಂದರೆ ಕಂಪನಿಯವರು ಇವರನ್ನೇ ಕರೆಯುತ್ತಿದ್ದರು. ನಮ್ಮವರೆಲ್ಲ ಹೋಟೆಲ್ ಗಲ್ಲಾದಲ್ಲಿ ಕೂತಿರುವಾಗ ಉಡುಪಿ ಕಡೆಯ ಈ ಮನುಷ್ಯನೊಬ್ಬ ಬಂದೂಕಿಗೆ ಎಣ್ಣೆ ಹಚ್ಚುತ್ತಾ ಕೂತದ್ದು ನಮ್ಮ ಎರಡೂ ಮನೆಯವರಿಗೆ ಕೊನೆಯವರೆಗೆ ಅರ್ಥವಾಗಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ನನಗೋ, ಐ ಮಸ್ಟ್ ಸೇ, ಮೊದಮೊದಲು ಅದು ಬಹಳ ರೊಮ್ಯಾಂಟಿಕ್ ಅನ್ನಿಸಿತ್ತು. ಆಮೇಲೆ ಉಳಿದದ್ದು ಹೆದರಿಕೆಯೊಂದೇ.

ಹೆದರಿಕೆಗೆ ಕಾರಣವಿತ್ತು. ಕ್ಯಾಮೆರಾದ ಎದುರು ಬಂದೂಕಿಗೆ ತುಂಬುವ ಗುಂಡು ಡಮ್ಮಿ. ಹಿತ್ತಾಳೆಯ ಕೋಶದೊಳಗೆ ಮದ್ದು ಇರುವುದಿಲ್ಲ, ಬದಲಿಗೆ ಒಂದು ಪುಟ್ಟ ಉಕ್ಕಿನ ಗೋಲಿ. ಮೇಲೆ ಸೀಸದ ಗುಂಡು. ಅಲುಗಿಸಿದರೆ ಗೋಲಿ ಸದ್ದು ಮಾಡುತ್ತದೆ. ಮದ್ದು ತುಂಬಿದ ನಿಜವಾದ ಗುಂಡು ಸದ್ದು ಮಾಡುವುದಿಲ್ಲ. ನಮ್ಮ ಮನೆಯ ಭಾಷೆಯಲ್ಲಿ ಒಂದು ಮಾತಾಡುವ ಗುಂಡು, ಇನ್ನೊಂದು ಮೂಕ ಗುಂಡು. ಮದುವೆಯಾದ ಹೊಸತರಲ್ಲಿ ಒಂದು ದಿನ ಇವರು ಮನೆಗೆ ಬಂದು ಊಟ ಮಾಡದೆ ಮಲಗಿದ್ದರು. ಸೆಟ್ಟಿನಲ್ಲಿ ಡಮ್ಮಿಗಳ ಡಬ್ಬಿಯೊಳಗೆ ಒಂದು ಮೂಕ ಸಿಕ್ಕಿತ್ತಂತೆ. ಅದು ಹೇಗೆ ಬಂದು ಸೇರಿತೆಂದು ಯಾರಿಗೂ ಗೊತ್ತಾಗಲಿಲ್ಲ. ಆವತ್ತಿನಿಂದ ಇವರು ಕೆಲಸಕ್ಕೆ ಹೊರಟಾಗಲೆಲ್ಲ, ವಾಪಸು ಬರುವವರೆಗೆ ನಾನೂ ಊಟ ಮಾಡುತ್ತಿರಲಿಲ್ಲ.

ನಾನು ಹೇಳಹೊರಟದ್ದು ಅವರ ಕೊನೆಯ ಕೆಲಸದ ಬಗ್ಗೆ. ಬ್ರಿಟಿಷರ ಕಾಲದ ಟೀ ಎಸ್ಟೇಟಿನ ಕಥೆ, ವೆಬ್ ಸೀರೀಸ್. ಅದರಲ್ಲಿ ಒಂದು ಲಿವರ್ ಬಂದೂಕು. ಟ್ರಿಗರಿನ ಸುತ್ತಲಿನ ಹಿಡಿಕೆಯನ್ನು ಮುಂದಕ್ಕೆ ದೂಡಿ ಹಿಂದಕ್ಕೆ ಎಳೆದರೆ ಹೊಸ ಗುಂಡು ಮೇಲೆ ಬರುತ್ತದೆ. ನೋಡಲು ಅಜ್ಜನ ಕಾಲದ್ದು, ಮಾಡಿದ್ದು ಈಚೆಗೆ. ಎಸ್ಟೇಟಿನ ದೊರೆ ಅದಕ್ಕೆ ನಿಧಾನವಾಗಿ ಗುಂಡು ತುಂಬಿ, ಲಿವರ್ ಎಳೆದು, ಲೆಕ್ಕ ಬರೆಯುವ ಮುನೀಮನ ಹಣೆಗೆ ಗುರಿಯಿಟ್ಟು ಟ್ರಿಗರ್ ಒತ್ತುತ್ತಾನೆ, ಗುಂಡು ಹಾರುವುದಿಲ್ಲ. ಇದೆಲ್ಲ ಒಂದೇ ಶಾಟಿನಲ್ಲಿ, ಎಲ್ಲಿಯೂ ಕಟ್ ಇಲ್ಲದೆ ಬರಬೇಕೆಂದು ಡೈರೆಕ್ಟರ್ ಹಟ. ಹಾಗಾಗಿ ಸೀಸದ ಗುಂಡು ಕ್ಲೋಸ್-ಅಪ್‌ನಲ್ಲಿ ಕಾಣುತ್ತದೆ.

ಅದನ್ನು ಆರಿಸಲು ಇವರು ಪಟ್ಟ ಪಾಡು ನೋಡಬೇಕಿತ್ತು. ಒಬ್ಬಳು ಮಗಳಿದ್ದು ಅವಳಿಗೆ ಗಂಡು ನೋಡಿದ್ದರೂ ಇಷ್ಟು ನೋಡುತ್ತಿರಲಿಲ್ಲ. ವಿಕ್ರೋಳಿಯಲ್ಲಿ ಎರಕದ ಶೆಡ್ ಇಟ್ಟಿದ್ದ ಹಳೇ ಸ್ನೇಹಿತರೊಬ್ಬರು ಸ್ಯಾಂಪಲ್‌ಗಳನ್ನು ಸ್ವೀಟ್ ಬಾಕ್ಸಿನಲ್ಲಿ ಕಳಿಸುತ್ತಿದ್ದರು. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಅಡುಗೆಮನೆಗೆ ಬರಕೂಡದೆಂದು ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಬರೀ ಸೀಸದ್ದು ಮೆತ್ತಗೆ. ಉಗುರು ತಾಗಿದರೂ ಗೀರು. ತವರ ಬೆರೆಸಿದ್ದು ಗಟ್ಟಿ, ಆದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಹಳೇ ಕಾಲದ್ದು ಅನ್ನಿಸುವುದಿಲ್ಲ. ಸ್ವಲ್ಪ ಉದ್ದವಾದರೆ ಲಿವರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ತೀರ ಗಿಡ್ಡವಾದರೆ ಒಳಗೆ ಅಡ್ಡ ಬೀಳುತ್ತದೆ. ಕೊನೆಗೆ ಚಪ್ಪಟೆ ಮೂತಿಯ, ಮೆತ್ತಗಿನ, ಬೂದಿಬಣ್ಣಕ್ಕೆ ತಿರುಗಿದ ಒಂದು ಜಾತಿಯನ್ನು ಇವರು ಒಪ್ಪಿಕೊಂಡರು.

ಆಗ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗಿ ಮನೆಗೆ ಬಂದಳು. ಇಲ್ಲೇ ಹುಟ್ಟಿದವಳು, ಅಪ್ಪ ಅಮ್ಮ ಕುಂದಾಪುರದ ಕಡೆಯವರು. ನಮ್ಮೊಡನೆ ಕನ್ನಡ ಮಾತಾಡಲು ಅವಳಿಗೆ ಭಾರೀ ಆಸೆ.

“ಅಂಕಲ್, ಡೈರೆಕ್ಟರ್ ಸರ್‌ಗೆ ಪಾಯಿಂಟೆಡ್ ಬುಲೆಟ್ ಬೇಕಂತೆ. ಡೇಂಜರಸ್ ದಿಖ್‌ನಾ ಮಂಗ್ತಾ ಅಂತ ಬೋಲ್ತಾರೆ.”

“ಈ ಬಂದೂಕಿಗೆ ಚೂಪು ಆಗುದಿಲ್ಲ ಮಗಾ. ಕೆಳಗೆ ಕೊಳವೆ ಉಂಟಲ್ಲ, ಅದರೊಳಗೆ ಗುಂಡು ಒಂದರ ಹಿಂದೆ ಒಂದು ನಿಲ್ತದೆ, ನಮ್ಮ ಲೋಕಲ್ ಟ್ರೈನಿನ ಹಾಗೆ. ಎದುರಿನವನ ಬೆನ್ನಿಗೆ ಹಿಂದಿನವನ ಮೂಗು. ನಿಜವಾದ ಗುಂಡಾದ್ರೆ, ಆ ಬೆನ್ನಲ್ಲೇ ಕಿಡಿ ಹತ್ತುದು. ಚೂಪು ಮೂಗು ಚುಚ್ಚಿದ್ರೆ ಕೊಳವೆಯೊಳಗೇ ಢಂ.”

“ಪರ್ ಇದು ಡಮ್ಮಿ ಅಲ್ವಾ?”

“ಡಮ್ಮಿಗೆ ಎಂತ ಆಗುದಿಲ್ಲ. ಆದ್ರೆ ತಿಳಿದವನು ಒಬ್ಬ ನೋಡಿದ್ರೆ ನಗ್ತಾನೆ.”

“ಅಂಕಲ್, ತಿಳಿದವನು ನಮ್ಮ ಸೀರೀಸ್ ನೋಡುದಿಲ್ಲ,” ಎಂದು ಅವಳು ನಕ್ಕಳು. ಇವರು ನಗಲಿಲ್ಲ. ಮಾತು ಸರಿಯಾಗಿ ಕೇಳಿಸಿಯೇ ಇರಲಿಲ್ಲವೆಂದು ನನಗೆ ಆ ಕ್ಷಣ ಅನುಮಾನ ಬಂತು.

ಅನುಮಾನ ಹೊಸತೇನಲ್ಲ. ಟಿವಿ ವಾಲ್ಯೂಮ್ ಏರುತ್ತಾ ಹೋಗಿತ್ತು. ಕುಕ್ಕರ್ ಕೂಗಿದರೂ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದರು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಇದ್ದಾಗ ಸಿಸ್ಟರ್ ಹಾಲಿನ ತುದಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ನಮ್ಮ ದನಿ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ನೋಡಲು. ನಾನು ಇವರ ಬೆನ್ನ ಹಿಂದೆ ನಿಂತು ಮೆಲ್ಲಗೆ “ಕಾಫಿ ಬೇಕಾ?” ಎಂದು ಕೇಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಕಾಫಿ ಬೇಡ ಎಂದ ಮನುಷ್ಯರೇ ಅಲ್ಲ ಅವರು.

ಆ ಸಂಜೆ ಟೇಬಲ್ ಮೇಲಿಂದ ಇನ್ನೂ ಗೋಲಿ ಹಾಕದ ಒಂದು ಕಾರ್ಟ್ರಿಜ್ ಎತ್ತಿ ಅವರ ಕೈಗೆ ಕೊಟ್ಟೆ. “ರೀ, ಇದೊಂದು ಬಿಟ್ಟುಹೋಗಿದೆ ನೋಡಿ.”

ಅಲುಗಿಸಿದರು. ತಲೆಯಾಡಿಸಿದರು. “ಮಾತಾಡ್ತದೆ,” ಎಂದರು.

ಏನು ಹೇಳಲಿ? ಆ ಕೆಲಸವೊಂದು ಬಿಟ್ಟರೆ ಅವರಿಗೆ ಮನೆಯಿಂದ ಹೊರಗೆ ಹೋಗಲು ಇನ್ನೊಂದು ಕಾರಣವಿರಲಿಲ್ಲ. ಹೇಳದಿದ್ದರೆ, ಯಾರದೋ ಹಣೆಗೆ ಆ ಬಂದೂಕು. ಅವರು ಮಲಗಿದ ಮೇಲೆ ಒಂದೊಂದನ್ನೂ ನಾನೇ ಕಿವಿಗೆ ಹಿಡಿದೆ. ಆ ಖಾಲಿಯದೊಂದನ್ನು ಬಿಟ್ಟು ಎಲ್ಲವೂ ಮಾತಾಡಿದವು. ಖಾಲಿಯದನ್ನು ಸೀರೆಗಳ ಕೆಳಗೆ ಬಚ್ಚಿಟ್ಟೆ. ಡಬ್ಬಿಯನ್ನು ಮರುದಿನ ಹುಡುಗಿ ಬಂದು ರಿಹರ್ಸಲ್‌ಗೆಂದು ತೆಗೆದುಕೊಂಡು ಹೋದಳು. ಅದು ಇವರ ಕಣ್ಣಳತೆಯಿಂದ ಹೊರಗೆ ಹೋದದ್ದೇ ನನಗೆ ಸಂಕಟ. ಬಂದೂಕು ಬರುವ ಅದೇ ಕಂಪನಿಯ ಸ್ಟೋರಿನಲ್ಲಿ ಲೈಸೆನ್ಸಿನ ನಿಜವಾದ ಗುಂಡೂ ಇರುತ್ತದೆ, ಅದು ಇದರೊಳಗೆ ಬೆರೆತರೆ?

“ನಾನೂ ಬರ್ತೇನೆ ಶೂಟಿಂಗ್ ನೋಡ್ಲಿಕ್ಕೆ,” ಎಂದೆ.

“ಇಷ್ಟು ವರ್ಷ ಬಾರದವಳಿಗೆ ಈಗ ಎಂತ ಮಾರಾಯ್ತಿ? ಹೀರೋಯಿನ್ ಚಾನ್ಸ್ ಉಂಟಾ?”

“ಹೀರೋನ ಅಜ್ಜಿ ಆದ್ರೂ ಆಗ್ತೇನೆ.”

ವರ್ಸೋವಾದಿಂದ ದೋಣಿಯಲ್ಲಿ ಆಚೆ ದಡದ ಮಢ್‌ಗೆ ಹೋದೆವು. ಹಳೇ ಬಂಗಲೆಯ ವರಾಂಡದಲ್ಲಿ ಸೆಟ್. ಮುನೀಮನ ವೇಷದಲ್ಲಿದ್ದ ನಟರು ಐವತ್ತು ದಾಟಿದವರು, ಹೊಟ್ಟೆ ಮುಂದೆ, ಧೋತಿ ಹಿಂದೆ. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾಕ್ಕೆ ಬಿಸ್ಕೆಟ್ ಅದ್ದುತ್ತಾ ಕೇಳಿದರು, “ಆಂಟೀಜೀ, ಆಜ್ ಮೇರೆಕೋ ಮರ್ವಾನೇವಾಲೇ ಆಪ್ ಕೇ ಸಾಹಬ್ ಹೈ ಕ್ಯಾ?” ಇವತ್ತು ನನ್ನನ್ನು ಕೊಲ್ಲಿಸುವವರು ನಿಮ್ಮ ಯಜಮಾನರಾ ಎಂದು. ನಾನು ನಗಲು ನೋಡಿದೆ. ಅವರ ಹಣೆಯ ಮೇಲೆ ಗಂಧದ ಬೊಟ್ಟು ಹಚ್ಚಿದ್ದರು, ಸರಿಯಾಗಿ ನಡುವಿಗೆ. ಆ ಕಡೆ ನೋಡಲಾಗಲಿಲ್ಲ.

ಇವರು ಡಬ್ಬಿ ತೆರೆದು ಕೂತರು. ಡಮ್ಮಿಯ ಬೆನ್ನಿನಲ್ಲಿ ಒಂದು ತೂತಿರುತ್ತದೆ. ಕ್ಯಾಮೆರಾಗೆ ಕಾಣಬಾರದೆಂದು ಸೆಟ್ಟಿನ ಆರ್ಟ್ ವಿಭಾಗದವರು ಅದಕ್ಕೆ ತಾಮ್ರಬಣ್ಣದ ಬಿಲ್ಲೆ ಅಂಟಿಸಿದ್ದರು. ಅದು ಮಾಮೂಲು ಕ್ರಮ. ಆದರೆ ಹಾಗಾದ ಮೇಲೆ ನಿಜ ಯಾವುದು ಡಮ್ಮಿ ಯಾವುದು ಹೇಳಲು ಉಳಿಯುವುದು ಸದ್ದು ಮಾತ್ರ. ಇವರು ಒಂದನ್ನು ಅಲುಗಿಸಿದರು. ತಲೆಯಾಡಿಸಿದರು. ಇನ್ನೊಂದು. ತಲೆಯಾಡಿಸಿದರು. ನಾನು ಅವರ ಬಲಕ್ಕೇ ಕೂತಿದ್ದೆ. ಏನೂ ಕೇಳಲಿಲ್ಲ. ಜನರೇಟರ್ ಗದ್ದಲ ಇರಬೇಕು ಅಂದುಕೊಂಡೆ. ಅವರು ಪಕ್ಕಕ್ಕಿಟ್ಟದ್ದನ್ನು ಎತ್ತಿ ನನ್ನ ಕಿವಿಗೇ ಹಿಡಿದೆ. ಮೂಕ. ಮತ್ತೊಂದು. ಅದೂ ಮೂಕ.

“ರೀ.” ತಿರುಗಲಿಲ್ಲ. ಮಣಿಕಟ್ಟು ಹಿಡಿದೆ. “ರೀ, ಮೂಕ.”

“ಯಾವುದು?”

“ಎಲ್ಲ.”

ನನ್ನ ಮುಖವನ್ನೇ ನೋಡಿದರು. “ನಿನಗೆ ಸರಿ ಕೇಳಿದ್ದಾ?” ಎಂದು ಕೇಳುತ್ತಾರೆಂದುಕೊಂಡಿದ್ದೆ. ಕೇಳಲಿಲ್ಲ. ಅಂಗೈಯನ್ನು ಗುಂಡುಗಳ ಮೇಲೆ ಮುಚ್ಚಿ ಹಿಡಿದು, “ಶಾಟ್ ನಹೀಂ ಹೋಗಾ,” ಎಂದು ಕೂಗಿದರು.

ಡೈರೆಕ್ಟರ್ ಓಡಿಬಂದ. ಲೈಟ್ ಹೋಗುತ್ತಿದೆ, ಲೈಟ್ ಹೋಗುತ್ತಿದೆ ಎಂದು ಒಂದೇ ಸಮನೆ ಕಿರುಚಾಟ.

“ಲೈಟ್ ಕಲ್ ಭೀ ಆಯೇಗಾ,” ಬೆಳಕು ನಾಳೆಯೂ ಬರುತ್ತದೆ ಎಂದರು ಇವರು. “ಮುನೀಮ್ ನಹೀಂ ಆಯೇಗಾ.”

ಆಗ ಹುಡುಗಿ ಬಿಳಿಚಿಕೊಂಡು ಮುಂದೆ ಬಂದಳು. “ಅಂಕಲ್, ನಾನು ನಿನ್ನೆ ಫೋನ್‌ನಲ್ಲಿ ಕೇಳಿದ್ದೆ ಅಲ್ವಾ? ರಿಹರ್ಸಲ್‌ನಲ್ಲಿ ಅದರ ಖಡ್‌ಖಡ್ ಆವಾಜ್ ಮೈಕ್‌ಗೆ ಬರ್ತಿತ್ತು. ಸೌಂಡ್‌ನವರು ಚಿಲ್ಲಾಯಿಸಿದ್ರು. ಹಿಂದಿನ ತೂತಲ್ಲಿ ಮೇಣ್ ಇಡ್ಲಾ ಅಂತ ಕೇಳಿದೆ. ನೀವೇ ಇಡು ಇಡು ಅಂದ್ರಿ.”

ಆ ಫೋನ್ ಬಂದಾಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಇವರು ದೊಡ್ಡ ದನಿಯಲ್ಲಿ “ಹಾಂ, ಇಡು, ಇಡಮ್ಮ” ಎಂದದ್ದು ನನಗೂ ಕೇಳಿಸಿತ್ತು. ಅವಳು ಮರಾಠಿಯ ಮೇಣ್ ಎಂಬ ಮಾತು ಸೇರಿಸಿ, ಮೇಣ್ ಇಡ್ಲಾ ಎಂದು ಕೇಳಿದ್ದಾಳೆ. ಇವರಿಗೆ ಕೇಳಿದ್ದು ಫೋನ್ ಇಡ್ಲಾ ಎಂದು.

“ನಾನು ಫೋನ್ ಇಡು ಅಂದದ್ದು,” ಎಂದರು ಇವರು, ಬಹಳ ಮೆಲ್ಲಗೆ.

ಮೇಣವೇ ಇರಬಹುದು. ಆದರೆ ಎಲ್ಲದರಲ್ಲೂ ಮೇಣವೇ ಎಂದು ಯಾರು ಹೇಳಬೇಕು? ಇವರು ವರಾಂಡದಲ್ಲಿದ್ದವರನ್ನೆಲ್ಲ ಅಂಗಳಕ್ಕೆ ಕಳಿಸಿದರು, ನನ್ನನ್ನೂ. ಬಾಯಿ ಚಪ್ಪಟೆಯಿದ್ದ ಇಕ್ಕಳದಿಂದ ಒಂದೊಂದೇ ಗುಂಡನ್ನು ಹಿತ್ತಾಳೆಯ ಕೋಶದಿಂದ ತಿರುಚಿ ಕಿತ್ತರು. ಆ ಮೆತ್ತಗಿನ ಸೀಸದ ಮೇಲೆಲ್ಲ ಇಕ್ಕಳದ ಹಲ್ಲು ಕೂತು, ಅಷ್ಟು ದಿನ ಆರಿಸಿ ಇಟ್ಟದ್ದು ನಾಯಿ ಕಚ್ಚಿದ ಬಿಸ್ಕೆಟಿನ ಹಾಗಾಯಿತು. ನಾನು ಅಂಗಳದ ಮಾವಿನಮರದ ಕೆಳಗೆ ನಿಂತು ಅವರ ಭುಜಗಳನ್ನೇ ನೋಡುತ್ತಿದ್ದೆ. ಹೇಲ್ ಮೇರಿಯನ್ನೂ ವೆಂಕಟ್ರಮಣನನ್ನೂ ಒಟ್ಟಿಗೇ ಕರೆದೆ. ನನ್ನ ಪಕ್ಕ ನಿಂತಿದ್ದ ಮುನೀಮರು ಬಿಸ್ಕೆಟ್ ಪ್ಯಾಕೆಟ್ ನನ್ನ ಕಡೆ ಚಾಚಿದರು.

ಎಲ್ಲದರಲ್ಲೂ ಮೇಣ, ಅದರಲ್ಲಿ ಹೂತ ಗೋಲಿ. ಮದ್ದು ಯಾವುದರಲ್ಲೂ ಇರಲಿಲ್ಲ. ಆ ದೃಶ್ಯವನ್ನು ಖಾಲಿ ಬಂದೂಕಿನಿಂದಲೇ, ಎರಡು ಕಡೆ ಕಟ್ ಮಾಡಿ ಮುಗಿಸಿದರು. ಇವರು ಖಾಲಿ ಕೊಳವೆಗೆ ಬೆರಳು ಹಾಕಿ, ಡೈರೆಕ್ಟರ್‌ಗೆ ತೋರಿಸಿ, ಆಮೇಲೆ ನನ್ನನ್ನು ಕರೆದು ನನಗೂ ತೋರಿಸಿದರು.

ವಾಪಸು ಬರುವಾಗ ದೋಣಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತಿದ್ದೆವು.

“ಯಾವಾಗಿನಿಂದ ಗೊತ್ತುಂಟು ನಿನಗೆ?” ಎಂದು ಕೇಳಿದರು.

“ಸ್ವಲ್ಪ ದಿವಸ ಆಯ್ತು,” ಎಂದು ಅವರಿಗೆ ಕಾಣುವಂತೆ ತುಟಿ ಆಡಿಸಿ ಹೇಳಿದೆ.

“ಕೈಗೆ ಗೊತ್ತಾಗ್ತದೆ ಅಂತ ಗ್ರಹಿಸಿದ್ದೆ. ಗೋಲಿ ಆಡುದು ಬೆರಳಿಗೆ ತಾಗ್ತದಲ್ಲ. ಹಾಗೇ ನಡೀತಿತ್ತು.” ಕಂಪನಿಗೆ ಫೋನ್ ಮಾಡಿ, ಇನ್ನು ತನ್ನನ್ನು ಕರೆಯುವುದು ಬೇಡ ಎಂದು ಮರುದಿನ ನನ್ನಿಂದಲೇ ಹೇಳಿಸಿದರು. ಹಿಯರಿಂಗ್ ಏಡ್ ತಂದೆವು. ಅದು ಹೆಚ್ಚಾಗಿ ಫ್ರಿಜ್ಜಿನ ಮೇಲೆ ಡಬ್ಬಿಯಲ್ಲೇ ಇರುತ್ತದೆ. ಟೇಬಲ್ ಈಗ ಊಟಕ್ಕೆ ಮಾತ್ರ. ನಾನು ಮೊದಲು ಬಯಸಿದ್ದೆಲ್ಲ ಅದೇ. ಆದರೂ ಕೆಲವು ಸಲ ಮಧ್ಯಾಹ್ನ, ಅವರು ಬರಿಗೈಯಲ್ಲಿ ಅಲ್ಲಿ ಕೂತಿರುವಾಗ, ನನಗೆ ಆ ಕಡೆ ಹೋಗಲು ಮನಸ್ಸಾಗುವುದಿಲ್ಲ.

ಮುನೀಮರನ್ನು ನಾನು ಕೊನೆಯ ಸಲ ನೋಡಿದ್ದು ಅಂಧೇರಿ ಸ್ಟೇಷನ್ನಿನ ಹೊರಗೆ. ಔಷಧಿ ತೆಗೆದುಕೊಂಡು ಆಟೋಗೆ ಕೈ ತೋರಿಸುತ್ತಾ ನಿಂತಿದ್ದೆ. ಅವರು ಜನರ ನಡುವೆ ನುಗ್ಗಿಕೊಂಡು ಬಂದರು, ಫೋನಿನಲ್ಲಿ ಯಾರಿಗೋ ಬೈಯುತ್ತಾ, ಇನ್ನೊಂದು ಕೈಯಲ್ಲಿ ಉಪ್ಪುಖಾರ ಹಚ್ಚಿದ ಪೇರಳೆಹಣ್ಣು. ಹಣೆ ಬೆವರಿ ಹೊಳೆಯುತ್ತಿತ್ತು. ನಾನು ಬಾಯಿ ತೆರೆದೆ, ಹೆಸರೇ ಗೊತ್ತಿಲ್ಲದವರನ್ನು ಏನೆಂದು ಕರೆಯುವುದು? ನನ್ನ ಎದುರು ಬಂದು ನಿಂತ ಆಟೋಗೆ, ನನ್ನ ಗುರುತು ಹತ್ತದೆ, “ಆಂಟೀ, ಜರಾ ಸೈಡ್,” ಎಂದು ನನ್ನನ್ನು ಸರಿಸಿ ಹತ್ತಿ ಕೂತರು. ಪೇರಳೆ ಕಚ್ಚಿಕೊಂಡು ಬಾಂದ್ರಾ ಬಾಂದ್ರಾ ಎಂದು ಡ್ರೈವರ್‌ಗೆ ಹೇಳುತ್ತಾ ಹೊರಟುಹೋದರು.