ಗಂಗೆಯ ಗಿಂಡಿಯ ಬೆಸುಗೆ

ನನ್ನ ಮೊಮ್ಮಗಳು ಸ್ಕೂಲಿನ ಭಾಷಣದಲ್ಲಿ ಮೊದಲನೇ ಬಹುಮಾನ ತಂದಳು! ತಿರುವನಂತಪುರದ ಮಗಳ ಮನೆಯಲ್ಲಿ ಆ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಚೇಚಿಯನ್ನೂ (ಅಕ್ಕನಿಗೆ ಇಲ್ಲಿ ಹಾಗನ್ನುತ್ತಾರೆ) ನಿಲ್ಲಿಸಿ ಕೈಗೆ ಸಕ್ಕರೆ ಹಾಕಿದೆ.

"ಏನು ಮಾತಾಡಿದೆ ಪುಟ್ಟೀ?" ಅಂದೆ.

"ಯೂತನೇಸಿಯಾ, ಅಜ್ಜಿ. ಗ್ರೀಕ್ ಮಾತು. ಯೂ ಅಂದ್ರೆ ಒಳ್ಳೇದು, ಥಾನಟೋಸ್ ಅಂದ್ರೆ ಸಾವು. ಮುಂಚೆ ಸುಮ್ನೆ ಸುಖವಾಗಿ ಸಾಯೋದಕ್ಕೆ ಹಾಗಂತಿದ್ರಂತೆ. ಈಗ ವಾಸಿಯಾಗದೆ ಒದ್ದಾಡೋರನ್ನ ಸಾಯಿಸೋದಕ್ಕೆ ಅಂತಾರೆ. ಕನ್ನಡದಲ್ಲಿ ದಯಾಮರಣ ಅಂತ ಅಪ್ಪ ಹೇಳಿದ್ರು."

"ದಯೆ ಯಾರ ಮೇಲೆ?"

"ಒದ್ದಾಡೋರ ಮೇಲೆ! ನೋಡಿಕೊಳ್ಳೋರ ಮೇಲಾ ಮತ್ತೆ?" ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ಕುರ್ಚಿಯಲ್ಲಿ ನಮ್ಮ ಯಜಮಾನರು ಪೇಪರು ಓದುತ್ತಿದ್ದರು.

ಅದಕ್ಕೆ ನಾಲ್ಕು ವರ್ಷ ಮುಂಚೆ ನಾವು ಕೊಚ್ಚಿಯ ಏಲೂರಿನಲ್ಲಿದ್ದೆವು. ಅವರು ಕಾರ್ಖಾನೆಯಲ್ಲಿ ಫಿಟ್ಟರು. ಲಕ್ವ ಹೊಡೆದು ಐದು ತಿಂಗಳು ಮಲಗಿದರು, ಮಾತೂ ನಿಂತಿತು. ಒಂದು ಮಧ್ಯಾಹ್ನ ಆಗಷ್ಟೇ ಬದಲಿಸಿದ ಬಟ್ಟೆ ಮತ್ತೆ ಒದ್ದೆಯಾಯಿತು. ನಾನು ದೇವರ ಗೂಡಿನಿಂದ ಗಂಗೆಯ ಗಿಂಡಿ ತೆಗೆದೆ. ನಮ್ಮತ್ತೆ ಕಾಶಿಯಿಂದ ತಂದದ್ದು. ಪ್ರಾಣ ಹೋಗುವ ಹೊತ್ತಿಗಲ್ಲದೆ ಅದರ ಬಾಯಿಯ ಬೆಸುಗೆ ಒಡೆಯಬಾರದು. ಅವರ ಉಸಿರು ನೆಟ್ಟಗೇ ಆಡುತ್ತಿತ್ತು, ನನಗೂ ಕಾಣುತ್ತಿತ್ತು. ಆದರೂ ಗುಂಡುಕಲ್ಲಿನಿಂದ ಕುಟ್ಟಿ ಒಡೆದೆ. "ಸಾಕು, ಹೊರಟುಬಿಡಿ" ಅಂತ ಒಂದು ಚಮಚ ಬಾಯಿಗೆ ಬಿಟ್ಟೆ. ಆಗ ನನಗೆ ದಯೆ ಇದ್ದದ್ದು ಅವರನ್ನು ಎತ್ತಿ ಎತ್ತಿ ನೋಯುತ್ತಿದ್ದ ನನ್ನ ಸೊಂಟದ ಮೇಲೆ.

ಅವರು ಕೆಮ್ಮಿದರು, ನುಂಗಿದರು. ಹೋಗಲಿಲ್ಲ. ಬರುಬರುತ್ತ ಕೈ ಆಡಿತು, ಮಾತು ಬಂತು. ಮಗಳ ಮನೆಗೆ ಬಂದಾಗ ತಂಪಾನೂರು ಸ್ಟೇಷನ್ನಿನಲ್ಲಿ ಕೋಲೂರಿಕೊಂಡು ತಾವೇ ರೈಲಿಳಿದರು. ಗಿಂಡಿ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಮಗಳು ಕೇಳಿದಾಗ ಕಳೆದುಹೋಯಿತು ಅಂದೆ. ಅವರಿಗೆ ಅದೆಲ್ಲ ನೆನಪಿದೆಯೋ ಇಲ್ಲವೋ ಅನ್ನುವ ಹೆದರಿಕೆಯಲ್ಲೇ ದಿನ ತಳ್ಳುತ್ತಿದ್ದೆ.

ಪೇಪರು ಕೆಳಗಿಳಿಯಿತು. "ನಿಮ್ಮಜ್ಜಿ ಕುಡಿಸಿದ ನೀರು ಕಿಲುಬು ಕಿಲುಬಾಗಿತ್ತು ಕಣಮ್ಮ."

"ಏದು ವೆಳ್ಳಂ, ತಾತಾ? ಯಾವ ನೀರು?"

"ಹಳೇ ನೀರು. ನೀನು ಹೋಗಿ ಕೈಕಾಲು ತೊಳಿ."

ಅವಳು ಒಳಗೆ ಹೋದಳು. ನನ್ನ ಕೈಯಲ್ಲಿನ ಸಕ್ಕರೆ ಬೆವರಿಗೆ ಅಂಟಂಟಾಯಿತು. "ಕೇಳಿಸಿತ್ತಾ ನಿಮಗೆ?" ಅಂದೆ, ನೆಲ ನೋಡುತ್ತ.

"ಬಿದ್ದುಹೋಗಿದ್ದು ನಾಲಿಗೆ ಕಣೇ, ಕಿವಿಯಲ್ಲ." ಪೇಪರು ಮಡಿಸಿಟ್ಟರು. "ಅದನ್ನ ಟ್ರಂಕಿನಲ್ಲಿ ಯಾಕೆ ಕೊಳೆ ಹಾಕಿದೀಯ? ದೇವರ ಹತ್ತಿರ ಇಡು. ನಮ್ಮಿಬ್ಬರಲ್ಲಿ ಯಾರಿಗೆ ಮೊದಲು ಬೇಕಾಗುತ್ತೋ."

ಬೈದಿದ್ದರೆ ಅಳುವುದಕ್ಕಾದರೂ ಆಗುತ್ತಿತ್ತು.

ಒಡೆದ ಬಾಯಿಗೆ ಬಟ್ಟೆ ಕಟ್ಟಿ ಗಿಂಡಿಯನ್ನು ದೇವರ ಮುಂದಿಟ್ಟೆ. ಸಂಜೆ ದೀಪ ಹಚ್ಚಲು ಬಂದ ಮಗಳು, "ಸಿಕ್ಕಿತೇನಮ್ಮ? ಅಯ್ಯೋ, ಯಾರು ಒಡೆದರು ಇದನ್ನ?" ಅಂದಳು.

"ನಾನೇ" ಅಂದೆ. ಬಾಗಿಲಲ್ಲಿ ಮೊಮ್ಮಗಳು ಬಹುಮಾನದ ಕಪ್ಪು ಹಿಡಿದು ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳೋಣವೆಂದು ಅವಳನ್ನೂ ಕರೆದು ಕೂರಿಸಿಕೊಂಡೆ.