ಕೇಳುವವರಿಗೆ ತೊಂದರೆಯಿಲ್ಲ

ಸ್ಪೀಕರ್ ಕೆಟ್ಟಿದೆ ಅಂದರೆ ಸದ್ದು ಬರುತ್ತಿಲ್ಲ ಎಂದೇ ನಾನು ತಿಳಿದಿದ್ದೆ. ದೊಡ್ಡ ಕಂಪನಿಯೊಂದರ ರಿಪೇರಿಯವನು ನಾನು. ತಾಳವಾಡಿ ಕಡೆಯ ರೈತ ಮಾದಪ್ಪನವರು ಹೊಲದಲ್ಲಿಟ್ಟ ಸ್ಪೀಕರ್ ಕೆಟ್ಟಿದೆ ಎಂದು ದೂರು ಕೊಟ್ಟರು, ಹೋದೆ. ಸ್ವಿಚ್ ಹಾಕಿದರೆ ಜೋಳದ ಹೊಲದ ತುಂಬ ನಾಯಿ ಬೊಗಳುವ ಸದ್ದು, ಒಂಚೂರೂ ಕರಕರ ಇಲ್ಲ.

"ಚೆನ್ನಾಗೇ ಇದೆಯಲ್ಲ ಯಜಮಾನ್ರೇ?"

"ಸದ್ದು ಬತ್ತದ ಕಣಪ್ಪ, ಕಾಡಂದಿ ಓಡ್ತಾ ಇಲ್ಲ. ಮೊದ್ಲು ಒಲ ಬುಟ್ಟು ಓಡ್ತಿದ್ದೊ. ಈಗ ಇದ್ರ ಮುಂದೇನೇ ನಿಂತ್ಕಂಡು ಮೇಯ್ತವ. ಅರ್ಧ ಒಲ ಓಯ್ತು. ಗ್ಯಾರಂಟಿ ಇನ್ನೂ ಅದ, ಬೇರೆ ಕೊಡು."

ನಮ್ಮ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಸೌಂಡ್ ಕ್ಲಿಯರ್ ಇದೆ ಅಂತೀರಿ. ಮತ್ತೆ ಕೇಳೋರಿಗೆ ಏನು ತೊಂದರೆ ಸಾರ್?" ಎಂದಳು ಅಲ್ಲಿನ ಹುಡುಗಿ.

ಕೇಳುವವರಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆಯೇ ಅದು ಎಂದು ದೂರಿನ ಫಾರಂನ ಯಾವ ಕಾಲಂನಲ್ಲಿ ಬರೆಯಲಿ?