ಅಳಿಸಿ ನೋಡುವವರು

ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ನಾವು ನಾಲ್ಕಾರು ಜನ ಸೇರಿ ಇ-ಮೇಲ್ ಸಾಫ್ಟ್‌ವೇರ್ ಮಾಡುತ್ತಿದ್ದ ಕಾಲದಲ್ಲಿ ಅದನ್ನು ಪರೀಕ್ಷಿಸುವ ಕೆಲಸ ನಮ್ಮೊಳಗಿನ ಹಿರಿಯರೊಬ್ಬರದಾಗಿತ್ತು. ಪರೀಕ್ಷೆಗೆ ಬೇಕಾದ ಪತ್ರಗಳನ್ನು ತಾವೇ ಬರೆದು, ಒಂದೊಂದನ್ನೂ ಒಂದು ಫೈಲು ಮಾಡಿ ಜೋಡಿಸಿಡುತ್ತಿದ್ದರು. ಗಿರಾಕಿಗಳ ಪತ್ರ ಬಳಸಿದರೆ ಅವರಿಗೆ ಸಿಟ್ಟು. “ಮಂದಿ ಪತ್ರ ಮುಟ್ಟಬ್ಯಾಡ್ರಿ, ನಮ್ಮ ಮನಿ ಮಂದಿ ಅದಾರಲ್ಲ,” ಅನ್ನುವರು. ಹಾಗಾಗಿ ಆ ಪತ್ರಗಳಲ್ಲಿ ಕಳಿಸಿದವರ ಹೆಸರೆಲ್ಲ ಅವರ ಮನೆಯವರದೇ. ಹೆಚ್ಚಿನವು ಮಗಳು ಸುಮಾಳ ಹೆಸರಿನಲ್ಲಿ: “ಅಪ್ಪಾ, ಬರೂ ಮುಂದ ಪೇರಲಹಣ್ಣ ತಗೊಂಡು ಬಾ.”

ದಿನದ ಕೊನೆಯ ಪರೀಕ್ಷೆ ಅಳಿಸುವುದು. ಪತ್ರಗಳನ್ನೆಲ್ಲ ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿ, ಮಗಳ ಹೆಸರು ಹಾಕಿ ಹುಡುಕುವರು. ಏನೂ ಸಿಗದಿದ್ದರೆ ಕುರ್ಚಿ ಹಿಂದಕ್ಕೆ ತಳ್ಳಿ, “ಛಲೋ ಆತು, ಗುರುತಿಲ್ಲ,” ಅನ್ನುವರು. ಮರುದಿನ ಮೂಲ ಫೈಲುಗಳಿಂದ ಅವೇ ಪತ್ರಗಳು ಮತ್ತೆ ಹಾಜರು.

ಒಂದು ಮಳೆಗಾಲದಲ್ಲಿ ಸುಮಾ ಜ್ವರದಲ್ಲಿ ತೀರಿಕೊಂಡಳು. ಅವರು ಕೆಲಸಕ್ಕೆ ಮರಳುವ ಮುನ್ನ ನಮ್ಮ ಮಾಲೀಕರು, ಅವರಿಗೆ ನೋವಾಗಬಾರದೆಂದು, ಮೂಲ ಫೈಲುಗಳಲ್ಲೇ ಆ ಹೆಸರು ತೆಗೆಸಿ ಬೇರೆ ಯಾವುದೋ ಹೆಸರು ಹಾಕಿಸಿದ್ದರು. ಒಳ್ಳೆಯದೇ ಆಯಿತೆಂದು ನಮಗೂ ಅನ್ನಿಸಿತ್ತು.

ಬಂದವರು ನೇರವಾಗಿ ಕಂಪ್ಯೂಟರ್ ಮುಂದೆ ಕೂತರು. ಪತ್ರಗಳನ್ನು ತುಂಬಿಸಿ, ಮೊದಲು ಮಗಳ ಹೆಸರನ್ನೇ ಹುಡುಕಿದರು. ಏನೂ ಸಿಗಲಿಲ್ಲ. ಮತ್ತೊಮ್ಮೆ ಟೈಪು ಮಾಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಮಾಡಿದರು. ಆಮೇಲೆ ನಮ್ಮ ಕಡೆ ತಿರುಗಿ, ತಪ್ಪು ತಮ್ಮದೇ ಎಂಬಂತೆ ಮೆಲ್ಲಗೆ ಹೇಳಿದರು:

“ನಾ ಇನ್ನೂ ಅಳಿಸೇ ಇಲ್ಲರಿ.”